ತಂಗಿ ತೋಟಗಾರಿಕೆ ವಿಶ್ವವಿದ್ಯಾಲಯ ಆರಿಸಿಕೊಂಡಿದ್ದಾಳೆ, ಅಪ್ಪ-ಅವ್ವಗ ಧೈರ್ಯ ಹೇಳೂದು ಹೆಂಗ?

ತಿಕೋಟಾ ಅಕ್ಕ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನಮ್ಮದು ತಿಕೋಟಾ ಹತ್ತಿರದ ಹಳ್ಳಿ. ನಾಲ್ಕು ಎಕರೆ ದ್ರಾಕ್ಷಿ ಐತಿ, ಉಳಿದ ಹೊಲ ಮಳೆ ನಂಬಿದ್ದು. ನಾನು ವಿಜಯಪುರದಲ್ಲಿ ಒಂದು ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ತಂಗಿ ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದಳು. ನೀಟ್‌ನಲ್ಲಿ ಸರ್ಕಾರಿ ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಆದರೆ ಸಿಇಟಿಯಲ್ಲಿ ಚಲೋ ರ‍್ಯಾಂಕ್ ಬಂದಿದೆ, ಎಂಜಿನಿಯರಿಂಗ್‌ಗೂ ಬಂದಿದೆ, ಕೃಷಿ ಕೋರ್ಸುಗಳಿಗೂ ಬಂದಿದೆ. ಅವಳದು ಒಂದೇ ಮಾತು: ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಆನರ್ಸ್ ತೋಟಗಾರಿಕೆ ಓದ್ತೀನಿ.

ಮನೆಯಲ್ಲಿ ಯಾರಿಗೂ ಇದು ಸರಿ ಕಾಣುತ್ತಿಲ್ಲ. ಸೋದರಮಾವ ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಸೀಟಿನ ಮಾತು ತಂದಿದ್ದಾನೆ, ಬೇಕಾದ್ರ ಡೊನೇಶನ್ ಅರ್ಧ ನಾ ಹಾಕ್ತೀನಿ ಅಂತಾನೆ. ಅವ್ವಗೆ ಹಾಸ್ಟೆಲ್ ಚಿಂತೆ, ಅದರ ಬೆನ್ನಿಗೇ ಮದುವೆ ಚಿಂತೆ. "ಗಂಡಿನ ಕಡೆಯವರು ಏನ್ ಕಲ್ತಾಳ ಅಂತ ಕೇಳಿದ್ರ ತೋಟಗಾರಿಕಿ ಅನ್ಲೇನು?" ಅಂತ ಕೇಳಿದಳು. ಇವಕ್ಕೆಲ್ಲ ಏನಾದರೂ ಉತ್ತರ ಕೊಡಬಹುದು. ಅಪ್ಪ ಅಂದ ಮಾತಿಗೆ ನನಗೆ ಉತ್ತರ ಗೊತ್ತಾಗಲಿಲ್ಲ.

"ಇಪ್ಪತ್ತೈದು ವರ್ಷ ಆ ಬಳ್ಳಿ ಕಾಲು ಹಿಡಿದೀನಿ. ನಿಮ್ಮನ್ನ ಸಾಲಿಗೆ ಕಳಿಸಿದ್ದು ಮಣ್ಣಿನಿಂದ ಮ್ಯಾಲ ಎತ್ತಾಕ. ನಾಕ್ ವರ್ಷ ಓದಿ ಮತ್ತ ಮಣ್ಣಿಗೇ ಬರ್ತೀನಿ ಅಂದ್ರ ನಾ ಯಾತಕ್ಕ ದುಡಿದೆ?"

ತಂಗಿ ಗೊಬ್ಬರದ ಅಂಗಡಿ ಬಿಲ್ಲಿನ ಹಿಂಭಾಗದಲ್ಲಿ ಆಪ್ಶನ್ ಎಂಟ್ರಿಗೆ, ಅಂದರೆ ಸೀಟಿಗಾಗಿ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವುದಕ್ಕೆ, ಕಾಲೇಜು ಬರೆದಿಟ್ಟಿದ್ದಳು: ಬಾಗಲಕೋಟೆ, ಅರಭಾವಿ, ಮುನಿರಾಬಾದ್, ಬೀದರ್, ಶಿರಸಿ. ಅಪ್ಪ ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡ. ಹರಿಯಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಅವತ್ತಿನಿಂದ ಅವಳ ಜೊತೆ ಮಾತು ಕಡಿಮೆ ಮಾಡಿದ್ದಾನೆ. ಬೈಯುತ್ತಿದ್ದರೆ ಇಷ್ಟು ಕಷ್ಟ ಆಗುತ್ತಿರಲಿಲ್ಲ.

ಆಪ್ಶನ್ ಎಂಟ್ರಿಗೆ ಇನ್ನು ಹನ್ನೆರಡು ದಿನ ಐತಿ. ಈ ವಿಶ್ವವಿದ್ಯಾಲಯದಲ್ಲಿ ಓದಿದವರು, ಮಕ್ಕಳನ್ನು ಕಳಿಸಿದವರು ಇದ್ದರೆ ದಯವಿಟ್ಟು ಹೇಳಿ. ಸುಳ್ಳು ಸಮಾಧಾನ ಬೇಡ. ಅಪ್ಪನ ಮುಂದೆ ಕುಳಿತು ಹೇಳಬಹುದಾದ ಮಾತು ಬೇಕು.

ಅರಭಾವಿ ಹಳೇ ವಿದ್ಯಾರ್ಥಿನಿ (ಭಾನುವಾರ ರಾತ್ರಿ)

ಅಕ್ಕಾ, ನಾನು ರಾಯಬಾಗ ಕಡೆಯವಳು. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿನಲ್ಲಿ ಓದಿದೆ. ಈಗ ಒಂದು ಬ್ಯಾಂಕಿನಲ್ಲಿ ಕೃಷಿ ಕ್ಷೇತ್ರ ಅಧಿಕಾರಿ. ನಿಮ್ಮಪ್ಪನ ಮಾತು ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮಪ್ಪ ಅಂದದ್ದೂ ಇದೇ, ಬಳ್ಳಿ ಬದಲು ಕಬ್ಬು ಅಷ್ಟೇ.

ಮೊದಲು ಮನೆಯವರಿಗೆ ಇದು ಏನು ಓದು ಅನ್ನುವುದು ತಿಳಿಯಲಿ. "ತೋಟಗಾರಿಕೆ" ಅಂದ ಕೂಡಲೇ ಜನರ ಕಣ್ಣಿಗೆ ಬರುವುದು ನೀರು ಹಾಯಿಸುವ ಮಾಲಿ. ನಾಲ್ಕು ವರ್ಷದ ವೃತ್ತಿಪರ ಪದವಿ ಇದು. ಮಣ್ಣು ವಿಜ್ಞಾನ, ಸಸ್ಯರೋಗ ಶಾಸ್ತ್ರ, ಕೀಟಶಾಸ್ತ್ರ, ತಳಿ ವಿಜ್ಞಾನ, ಅಂಗಾಂಶ ಕೃಷಿ, ಕೊಯ್ಲೋತ್ತರ ತಂತ್ರಜ್ಞಾನ, ಅರ್ಥಶಾಸ್ತ್ರ, ಎಲ್ಲ ಬರುತ್ತವೆ. ಕೊನೆಯ ವರ್ಷ ತಂಡ ಮಾಡಿ ಹಳ್ಳಿಗೆ ಕಳಿಸುತ್ತಾರೆ. ರೈತರ ಜೊತೆ ಇದ್ದು ಅವರ ಬೆಳೆ, ಅವರ ಖರ್ಚು, ಅವರ ಮಾರುಕಟ್ಟೆ ನೋಡಿ ವರದಿ ಬರೆಯಬೇಕು. ನನ್ನ ಬ್ಯಾಂಕ್ ಕೆಲಸಕ್ಕೆ ಅತಿ ಹೆಚ್ಚು ಉಪಯೋಗ ಆದದ್ದು ಆ ಹಳ್ಳಿಯ ದಿನಗಳೇ. ಸಾಲ ಕೇಳಿ ಬಂದ ರೈತನ ತೋಟಕ್ಕೆ ಹೋಗಿ ನಿಂತರೆ ಗಿಡದ ವಯಸ್ಸು, ರೋಗ, ಇಳುವರಿ ಎಷ್ಟು ಬಂದೀತು ಅನ್ನುವುದು ನನಗೆ ಕಾಣುತ್ತದೆ.

ವಿಶ್ವವಿದ್ಯಾಲಯ ಶುರುವಾದದ್ದು 2008ರಲ್ಲಿ. ಅರಭಾವಿ ಕಾಲೇಜು ಅದಕ್ಕಿಂತ ಹಳೆಯದು, ಮೊದಲು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು. ಈಗ ಬಾಗಲಕೋಟೆ, ಅರಭಾವಿ, ಬೀದರ್, ಮುನಿರಾಬಾದ್, ಶಿರಸಿ, ಕೋಲಾರ, ಬೆಂಗಳೂರು ಎಲ್ಲ ಕಾಲೇಜು ಒಂದೇ ವಿಶ್ವವಿದ್ಯಾಲಯದವು. ಬಾಗಲಕೋಟೆ ಸಿಗದೆ ಬೇರೆ ಕಡೆ ಸಿಕ್ಕರೆ ಪದವಿ ಸಣ್ಣದಾಗುವುದಿಲ್ಲ.

ಮನೆಯ ಒಂದು ವಿಷಯ ಹೇಳುತ್ತೇನೆ. ಎರಡನೇ ವರ್ಷದ ರಜೆಯಲ್ಲಿ ಮನೆಗೆ ಬಂದಾಗ ಹಿತ್ತಲಲ್ಲಿ ಗೊರಟೆಯಿಂದ ಎದ್ದ ಮಾವಿನ ಸಸಿ ಇತ್ತು. ಅದರ ಎಳೆ ತಲೆ ಕತ್ತರಿಸಿ, ನಡುವೆ ಸೀಳಿ, ನಮ್ಮ ಚಲೋ ಗಿಡದ ಕಡ್ಡಿಯನ್ನು ಎರಡೂ ಬದಿ ಹೆರೆದು ಆ ಸೀಳಿನಲ್ಲಿ ಇಳಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಅಪ್ಪ ದೂರದಿಂದ ನೋಡುತ್ತಿದ್ದ. ಏನೂ ಕೇಳಲಿಲ್ಲ. ಇಪ್ಪತ್ತು ದಿನಕ್ಕೆ ಅದು ಚಿಗುರಿತು. ನಾನು ಆಗ ಹಾಸ್ಟೆಲ್‌ನಲ್ಲಿದ್ದೆ. ಅಪ್ಪ ತಾನೇ ಫೋನ್ ಮಾಡಿ "ನಿನ್ನ ಗಿಡ ಎಲಿ ಬಿಟ್ಟೈತಿ" ಅಂದ. ಕಾಲೇಜಿಗೆ ಸೇರಿದ ಮೇಲೆ ಅಪ್ಪ ಹಣದ ವಿಷಯ ಬಿಟ್ಟು ಬೇರೆ ಮಾತಿಗೆ ಫೋನ್ ಮಾಡಿದ್ದು ಅದೇ ಮೊದಲು.

ಜಮಖಂಡಿ ಕಾಕಾ (ಸೋಮವಾರ ಬೆಳಿಗ್ಗೆ)

ತಂಗೀ, ಸುಳ್ಳು ಸಮಾಧಾನ ಬ್ಯಾಡ ಅಂದಿ, ಅದಕ್ಕ ಬರ್ಯಾಕತ್ತೀನಿ. ನಮ್ಮ ಅಣ್ಣನ ಮಗ ಕೃಷಿ ಪದವಿ ಮಾಡ್ಯಾನ, ಹೊರ ರಾಜ್ಯದ ಒಂದು ಖಾಸಗಿ ಕಾಲೇಜಿನ್ಯಾಗ. ಸೀಟು ಕೊಡಿಸಿದ ಏಜೆಂಟ ಎಲ್ಲಾ ಮಾನ್ಯತೆ ಐತಿ ಅಂದಿದ್ದ. ನಾಕ್ ವರ್ಷ ಮುಗಿದ ಮ್ಯಾಲ ಅರ್ಜಿ ಹಾಕಾಕ ಹೋದ್ರ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಮಾನ್ಯತೆ ಇಲ್ಲ ಅಂತ ಗೊತ್ತಾತು. ಹುಡುಗ ಭಾಳ ನೊಂದ. ನಿಮ್ಮಪ್ಪ ಹೆದರೂದ್ರಾಗ ತಪ್ಪಿಲ್ಲ.

ಸರ್ಕಾರಿ ನೌಕರಿನೂ ಕೈಯಾಗ ಇಟ್ಟಂಗ ಸಿಗಂಗಿಲ್ಲ. ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಗೆ ಕೆಪಿಎಸ್‌ಸಿ ಯಾವಾಗ ಕರೀತೈತಿ ಅಂತ ಕಾದು ಕುಂತ ಹುಡುಗರು ನಮ್ಮ ಊರಾಗ ಅದಾರ. ಇದನ್ನೂ ಮನ್ಯಾಗ ಹೇಳ್ರಿ. ಮುಚ್ಚಿಟ್ಟು ಒಪ್ಪಿಸಿದ್ರ ನಾಳೆ ಆ ಹುಡುಗಿ ಮ್ಯಾಲ ಬರತೈತಿ.

ಬೀಳಗಿ ಮಾಸ್ತರ (ಸೋಮವಾರ ಮಧ್ಯಾಹ್ನ)

ಕಾಕಾ ಹೇಳಿದ್ದು ನಿಜ, ಅದಕ್ಕೇ ಖಾಸಗಿ ಕಾಲೇಜು, ಸರ್ಕಾರಿ ಕಾಲೇಜು ಎರಡನ್ನೂ ಬೇರೆ ಮಾಡಿ ನೋಡಬೇಕು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಬಾಗಲಕೋಟೆಯದು ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ, ಸೀಟು ಕೊಡುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ರ‍್ಯಾಂಕ್ ಮೇಲೆ. ನಡುವೆ ಯಾವ ಏಜೆಂಟನಿಗೂ ಕೆಲಸ ಇಲ್ಲ. ಯಾರಾದರೂ "ನಾ ಮಾಡಿಸ್ತೀನಿ" ಅಂತ ಬಂದರೆ ಬಾಗಿಲಲ್ಲೇ ಕಳಿಸಿ.

ರೈತರ ಮಕ್ಕಳ ಕೋಟಾ ಹಾಕಿದ್ದಾಳೆಯೇ? ಹಾಕಿದ್ದರೆ ಪ್ರಾಯೋಗಿಕ ಪರೀಕ್ಷೆ ಆಗಿರಬೇಕು, ಬೀಜ ಗುರುತಿಸುವುದು, ಗೊಬ್ಬರ ಗುರುತಿಸುವುದು. ಪಟ್ಟಣದಲ್ಲಿ ಬೆಳೆದ ಮಕ್ಕಳು ತಿಂಗಳುಗಟ್ಟಲೆ ಕೋಚಿಂಗ್ ಹೋಗಿ ಕಲಿಯುವುದನ್ನು ನಮ್ಮ ಮಕ್ಕಳು ಅಂಗಳದಲ್ಲೇ ಕಲಿತಿರುತ್ತಾರೆ.

ಆಪ್ಶನ್ ಎಂಟ್ರಿಯಲ್ಲಿ ಬೇಕಾದ ಕಾಲೇಜನ್ನೇ ಮೇಲೆ ಹಾಕಿ. ಸಿಗುತ್ತದೋ ಇಲ್ಲವೋ ಅಂತ ಹೆದರಿ ಬೇಡದ್ದನ್ನು ಮೇಲೆ ಹಾಕುವುದು ಪ್ರತಿ ವರ್ಷ ನೋಡುತ್ತೇನೆ, ಬಹಳ ಬೇಸರ ಆಗುತ್ತದೆ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ತಿದ್ದಲು ಅವಕಾಶ ಇರುತ್ತದೆ. ನಿಜವಾದ ಸೀಟು ಬಂದಾಗ ಚಾಯ್ಸ್ 1 ಅಂದರೆ ಒಪ್ಪಿ ಸೇರುವುದು, 2 ಅಂದರೆ ಸೀಟು ಇಟ್ಟುಕೊಂಡು ಮುಂದಿನ ಸುತ್ತು ನೋಡುವುದು, 3 ಅಂದರೆ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, 4 ಅಂದರೆ ಪೂರ್ತಿ ಹೊರಬರುವುದು. ಸೈಬರ್ ಕೆಫೆಯವನ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ, ಪಕ್ಕದಲ್ಲಿ ಕುಳಿತು ಮಾಡಿಸಿ.

ಬಬಲೇಶ್ವರ ದ್ರಾಕ್ಷಿ (ಸೋಮವಾರ ರಾತ್ರಿ)

ಅಕ್ಕಾರ, ನಾನೂ ದ್ರಾಕ್ಷಿ ರೈತ. ನಿಮ್ಮಪ್ಪಗ ನನ್ನ ಪರವಾಗಿ ಒಂದ್ ಪ್ರಶ್ನೆ ಕೇಳ್ರಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರೂದು) ಆದ ಮ್ಯಾಲ ಮಳಿ ಹಿಡಿದು ಡೌನಿ ರೋಗ ಬಂತಂದ್ರ ಯಾರಿಗೆ ಫೋನ್ ಮಾಡ್ತೀರಿ? ಸಾಂಗ್ಲಿ, ತಾಸಗಾಂವ ಕಡೆ ಕನ್ಸಲ್ಟಂಟಗ, ಹೌದಲ್ರಿ? ಎಕರೆ ಲೆಕ್ಕದಾಗ ಅವರಿಗೆ ರೊಕ್ಕ ಕೊಡ್ತೀವಿ. ಕಾರ್ ತಗೊಂಡ್ ಬರ್ತಾರ, ಎಲಿ ತಿರುವಿ ನೋಡ್ತಾರ, ಎರಡು ಔಷಧ ಬರಕೊಟ್ಟು ಮುಂದಿನ ತೋಟಕ್ಕ ಹೋಗ್ತಾರ. ಅವರು ಮಣ್ಣಿಗೆ ಬಂದವರೇನು, ಮಣ್ಣಿನಿಂದ ಮ್ಯಾಲ ಎದ್ದವರೇನು? ಅವರು ಕಲ್ತಿದ್ದನ್ನೇ ನಿಮ್ಮ ತಂಗಿ ಕಲೀತೀನಿ ಅನ್ನಾಕತ್ತಾಳ.

ನಮ್ಮ ಜಿಲ್ಲಾದಾಗ ಇಷ್ಟು ದ್ರಾಕ್ಷಿ, ಇಷ್ಟು ಒಣದ್ರಾಕ್ಷಿ ಶೆಡ್, ಇಂಡಿ ಕಡೆ ಇಷ್ಟು ನಿಂಬಿ, ಪಕ್ಕದ ಬಾಗಲಕೋಟಿಯೊಳಗ ದಾಳಿಂಬ್ರಿ. ದುಂಡಾಣು ರೋಗ ಬಂದು ದಾಳಿಂಬ್ರಿ ಗಿಡ ಬೇರುಸಮೇತ ಕಿತ್ತು ಸುಟ್ಟವರನ್ನ ನಾ ಕಣ್ಣಾರೆ ಕಂಡೀನಿ. ಆ ಹೊತ್ತಿನ್ಯಾಗ ನಮ್ಮ ಭಾಷಾದಾಗ, ನಮ್ಮ ಬದುವಿನ ಮ್ಯಾಲ ನಿಂತು ಹೇಳೂ ಕಲ್ತವರು ಎಷ್ಟು ಮಂದಿ ಇದ್ರು? ದ್ರಾಕ್ಷಿ ಸಂಶೋಧನಾ ಕೇಂದ್ರ ಪುಣೆ ಹತ್ರ ಮಾಂಜರಿಯೊಳಗ, ದಾಳಿಂಬ್ರಿದು ಸೋಲಾಪುರದಾಗ. ಅಲ್ಲಿ ಹೋಗಿ ಕೆಲಸ ಮಾಡೂ ವಿಜ್ಞಾನಿ ನಮ್ಮ ತಿಕೋಟಾದಿಂದ ಹೋಗಬಾರದೇನು? ನನಗಂತೂ ನಿಮ್ಮ ತಂಗಿ ಹಟ ಕೇಳಿ ಭಾಳ ಸಂತೋಷ ಆತು.

ಬೆಳಗಾವಿ ತಾಯಿ (ಮಂಗಳವಾರ)

ನಾನು ಅವ್ವನ ಪರವಾಗಿ ಬರೆಯುತ್ತೇನೆ, ಯಾಕಂದ್ರೆ ಇಲ್ಲಿ ಎಲ್ಲರೂ ಅಪ್ಪನ ಬಗ್ಗೆಯೇ ಹೇಳುತ್ತಿದ್ದೀರಿ. ನನ್ನ ಮಗಳು ಹಾಸ್ಟೆಲ್‌ಗೆ ಹೋದ ಮೊದಲ ತಿಂಗಳು ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ನೋಡುತ್ತಿದ್ದೆ. ಅದಕ್ಕೆ "ಎಲ್ಲಾ ಸರಿ ಇರ್ತದ, ಸುಮ್ನಿರು" ಅಂತ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತಿತ್ತು. ನನ್ನ ಜೀವಕ್ಕೆ ಸಮಾಧಾನ ಆದದ್ದು ವಾರ್ಡನ್ ಮೇಡಂ ನಂಬರ್ ಸಿಕ್ಕಾಗ, ಮಗಳ ಪಕ್ಕದ ಮಂಚದ ಹುಡುಗಿಯ ತಾಯಿ ಜೊತೆ ಮಾತಾಡಿದಾಗ.

ಅವ್ವನನ್ನು ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸಿ. ಅಡುಗೆಮನೆಯೊಳಗೆ ಹೋಗಲು ಬಿಡುತ್ತಾರಾ ಕೇಳಿ. ಕುಡಿಯುವ ನೀರು ಎಲ್ಲಿಂದ, ಹುಷಾರಿಲ್ಲದಾಗ ಯಾರು ಕರೆದೊಯ್ಯುತ್ತಾರೆ, ಸಂಜೆ ಗೇಟು ಎಷ್ಟಕ್ಕೆ, ಇವನ್ನೆಲ್ಲ ಅವ್ವನೇ ಬಾಯಿಬಿಟ್ಟು ಕೇಳಲಿ. ನೀವು ಕೇಳಿ ಹೇಳಿದರೆ ನಂಬಿಕೆ ಬರುವುದಿಲ್ಲ.

ವಿಜಯಪುರದಲ್ಲೇ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆಯಲ್ಲ, ಮನೆಯಿಂದ ಓಡಾಡಬಹುದು ಅಂತ ಯಾರಾದರೂ ಹೇಳಬಹುದು. 2003ರಲ್ಲಿ ಅದು ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಎಂಎ, ಎಂಎಸ್ಸಿ ಮುಖ ಕಂಡರು, ನನ್ನ ನಾದಿನಿಯೂ ಅವರಲ್ಲಿ ಒಬ್ಬಳು. ಆದರೆ ಈ ಹುಡುಗಿಗೆ ಬೇಕಾದ ಓದು ತೋಟಗಾರಿಕೆ. ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಬೇರೆಯದಕ್ಕೆ ಸೇರಿಸಬೇಡಿ.

ಮದುವೆ ಮಾತಿಗೆ ಉತ್ತರ ಕೊಡಲು ಹೋಗಬೇಡಿ. ಹದಿನೆಂಟರ ಹುಡುಗಿಯ ಸೀಟು ಆರಿಸುವಾಗ ಆ ಮಾತು ಯಾಕೆ ಬರಬೇಕು?

ತಿಕೋಟಾ ಅಕ್ಕ (ಬುಧವಾರ ರಾತ್ರಿ)

ಎಲ್ಲರಿಗೂ ಕೈಮುಗಿಯುತ್ತೇನೆ. ಇವತ್ತು ಅಪ್ಪನಿಗೆ ಎಲ್ಲ ಉತ್ತರಗಳನ್ನು ಓದಿ ಹೇಳಿದೆ, ಜಮಖಂಡಿ ಕಾಕಾನದ್ದೂ ಬಿಡಲಿಲ್ಲ. ವಿಚಿತ್ರ ಅಂದ್ರೆ ಅಪ್ಪ ಮೊದಲು ನಂಬಿದ್ದು ಕಾಕಾನ ಮಾತನ್ನೇ. "ಈ ಮನುಷ್ಯಾ ಖರೆ ಹೇಳ್ಯಾನ" ಅಂದ. ಆಮೇಲೆ ಉಳಿದವರ ಮಾತಿಗೆ ಕಿವಿ ಕೊಟ್ಟ. ಬಬಲೇಶ್ವರದವರ ಪ್ರಶ್ನೆಗೆ ಉತ್ತರ ಹೇಳಲಿಲ್ಲ, ಆದರೆ ಕನ್ಸಲ್ಟಂಟಗೆ ಹೋದ ವರ್ಷ ಎಷ್ಟು ಕೊಟ್ಟೆ ಅಂತ ನನ್ನ ಕೈಲಿ ಡೈರಿ ತೆಗೆಸಿ ಲೆಕ್ಕ ಹಾಕಿಸಿದ.

ಮಾಸ್ತರ, ರೈತರ ಕೋಟಾ ಹಾಕಿದ್ದಾಳೆ. ಪ್ರಾಯೋಗಿಕ ಪರೀಕ್ಷೆಗೆ ಕರೆದುಕೊಂಡು ಹೋದದ್ದು ಅಪ್ಪನೇ. ಆಗ ಇದು ಸುಮ್ಮನೆ ಒಂದು ಹೆಚ್ಚಿನ ದಾರಿ ಇರಲಿ ಅಂದುಕೊಂಡಿದ್ದ. ಹೊರಗೆ ಬಂದಾಗ "ಎಷ್ಟು ಗುರುತು ಹಿಡಿದಿ?" ಅಂತ ಕೇಳಿದ್ದನಂತೆ. ಇದನ್ನು ತಂಗಿ ನನಗೆ ಹೇಳಿದ್ದು ನಿನ್ನೆ.

ಶನಿವಾರ ಬಾಗಲಕೋಟೆಗೆ ಹೊರಟಿದ್ದೇವೆ, ನಾಲ್ವರೂ.

ತಿಕೋಟಾ ಅಕ್ಕ (ಭಾನುವಾರ)

ಹೋಗಿ ಬಂದೆವು. ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮುಂಜಾನೆ ಬಸ್ಸು. ಕೊಲ್ಹಾರದ ಸೇತುವೆ ಮೇಲೆ ಎರಡೂ ಬದಿ ಕೃಷ್ಣೆಯ ಹಿನ್ನೀರು ನೋಡುತ್ತಾ ಅವ್ವ ಮೊದಲ ಸಲ ಬಾಯಿಬಿಟ್ಟಳು: "ಇಷ್ಟು ದೂರ ಏನಲ್ಲ." ಬಸ್ಸು ನಿಂತಾಗ ಅಪ್ಪ ಕೊಲ್ಹಾರದ ಮೊಸರು ತಂದ, ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿಗೆ ಹಚ್ಚಿಕೊಂಡು ಅಲ್ಲೇ ಸೀಟಿನಲ್ಲೇ ತಿಂದೆವು.

ವಿಶ್ವವಿದ್ಯಾಲಯದ ಆವರಣ ಉದ್ಯಾನಗಿರಿಯಲ್ಲಿ ಗೇಟಿನಿಂದ ಒಳಗೆ ನಡೆಯುವಾಗ ಅಪ್ಪ ನಮ್ಮ ಹಿಂದೆ ಉಳಿಯುತ್ತಿದ್ದ. ತಿರುಗಿ ನೋಡಿದರೆ ಗಿಡದ ಬುಡ ನೋಡುತ್ತಾ, ಡ್ರಿಪ್ ಪೈಪ್ ಎತ್ತಿ ನೋಡುತ್ತಾ ನಿಂತಿರುತ್ತಿದ್ದ. ಅವ್ವ ಹಾಸ್ಟೆಲ್ ಕಡೆ ಹೋದಳು. ಬೆಳಗಾವಿ ತಾಯಿ, ನೀವು ಹೇಳಿದ ಪ್ರಶ್ನೆ ಒಂದೂ ಬಿಡಲಿಲ್ಲ, ತನ್ನದೂ ನಾಲ್ಕು ಸೇರಿಸಿದಳು. ಒಬ್ಬ ಹುಡುಗಿ ಕೊಪ್ಪಳ ಕಡೆಯವಳು, ಅವ್ವನ ಕೈ ಹಿಡಿದು ತನ್ನ ಕೋಣೆಗೆ ಕರೆದೊಯ್ದು ಚಹಾ ಕೊಟ್ಟಳು.

ನಮ್ಮ ತೋಟದಲ್ಲಿ ಎರಡು ವರ್ಷದಿಂದ ಎಲೆಯ ಅಂಚು ಸುಟ್ಟ ಹಾಗೆ ಆಗುತ್ತಿದೆ. ಔಷಧ ಹೊಡೆದು ಹೊಡೆದು ಅಪ್ಪ ಸುಸ್ತಾಗಿದ್ದಾನೆ. ಫೋನಿನಲ್ಲಿ ಅದರ ಫೋಟೋ ಇತ್ತು. ಕೊನೆಯ ವರ್ಷದ ಇನ್ನೊಬ್ಬಳು ಹುಡುಗಿ ನಮಗೆ ತೋಟ ತೋರಿಸುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ಹಿಂದೆಮುಂದೆ ನೋಡಿ, ಆ ಫೋಟೋ ತೆಗೆದು ಅವಳ ಮುಂದೆ ಹಿಡಿದ. ಅವಳು ಫೋಟೋ ದೊಡ್ಡದು ಮಾಡಿ ನೋಡಿ, "ಕಾಕಾ, ಅಂಚಿನಿಂದ ಒಳಗ ಬರಾಕತ್ತೈತಿ, ಹೌದಿಲ್ಲ? ಕಲಿ ನಡುವ ಇಲ್ಲ. ರೋಗ ಅನ್ಸಂಗಿಲ್ಲ. ಬೋರಿನ ನೀರು ಯಾವಾಗರ ಟೆಸ್ಟ್ ಮಾಡಿಸೀರೇನು? ನೀರಿನ್ಯಾಗ ಉಪ್ಪು ಜಾಸ್ತಿ ಇದ್ರ ಹಿಂಗ ಆಗತೈತಿ. ಬರೇ ಫೋಟೋ ನೋಡಿ ಹೇಳಬಾರದು, ಎಲಿ ತೊಟ್ಟು, ಮಣ್ಣು, ನೀರು ಮೂರೂ ಲ್ಯಾಬಿಗೆ ಕೊಡ್ರಿ" ಅಂದಳು.

ಎರಡು ವರ್ಷದಲ್ಲಿ ನೀರಿನ ಮಾತು ಯಾರೂ ಎತ್ತಿರಲಿಲ್ಲ. ಅಪ್ಪ ಆ ಹುಡುಗಿಯ ಊರು, ಮನೆತನ ಎಲ್ಲ ಕೇಳಿದ. ಅವಳ ಅಪ್ಪನೂ ರೈತ, ಇಲಕಲ್ಲ ಕಡೆ ಎರಡು ಎಕರೆ. ಮುಂದೆ ಐಸಿಎಆರ್ ಪಿಜಿ ಪರೀಕ್ಷೆ ಬರೆದು ಸಸ್ಯರೋಗ ಶಾಸ್ತ್ರದಲ್ಲಿ ಎಂಎಸ್ಸಿ ಮಾಡಬೇಕಂತೆ. "ನಿಮ್ಮಪ್ಪ ಬ್ಯಾಡ ಅನ್ಲಿಲ್ಲೇನವಾ?" ಅಂತ ಅಪ್ಪ ಕೇಳಿದ. "ಅಂದ್ರು ಕಾಕಾ. ಒಂದ್ ವರ್ಷ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ" ಅಂದಳು. ತಂಗಿ ನೆಲ ನೋಡುತ್ತಾ ನಿಂತಿದ್ದಳು. ಅಪ್ಪನೂ ಅತ್ತ ತಿರುಗಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಅಂಗಿ ಕಿಸೆಯಿಂದ ಆ ಗೊಬ್ಬರದ ಬಿಲ್ಲು ತೆಗೆದ. ಮಡಿಕೆ ಮಡಿಕೆಯಲ್ಲಿ ಸವೆದಿತ್ತು. ತಂಗಿಯನ್ನು ಪಕ್ಕದ ಸೀಟಿಗೆ ಕರೆದು, "ಮುನಿರಾಬಾದ ಮೂರನೇದು ಯಾಕ? ಶಿರಸಿ ಯಾಕ ಕಡೀಕ?" ಅಂತ ಕೇಳಿದ. ಅವಳು ಹೇಳುತ್ತಾ ಹೋದಳು, ಅವನು ಹೂಂ ಹೂಂ ಅನ್ನುತ್ತಾ ಹೋದ. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೆ, ಕಣ್ಣಲ್ಲಿ ನೀರು ಬಂದಿತ್ತು.

ಸೋದರಮಾವನಿಗೆ ರಾತ್ರಿ ಅಪ್ಪನೇ ಫೋನ್ ಮಾಡಿ ಹೇಳಿದ.

ಜಮಖಂಡಿ ಕಾಕಾ (ಭಾನುವಾರ ರಾತ್ರಿ)

ಚಲೋ ಆತು ತಂಗೀ. ನನ್ನ ಮಾತು ಬಿಡದ ಓದಿ ಹೇಳಿದಿ, ಅದಕ್ಕೂ ಸಂತೋಷ ಆತು. ಒಂದ್ ನೆನಪಿಡ್ರಿ, ಓದೂ ಮುಂದ ಸರ್ಕಾರಿ ನೌಕರಿ ಒಂದಕ್ಕೇ ಕಣ್ಣು ನೆಡೂದು ಬ್ಯಾಡ. ಬ್ಯಾಂಕು, ಬೀಜದ ಕಂಪನಿ, ಅಂಗಾಂಶ ಕೃಷಿ ಲ್ಯಾಬು, ಸ್ವಂತ ನರ್ಸರಿ, ಎಲ್ಲಾ ದಾರಿ ಮೊದಲನೇ ವರ್ಷದಿಂದನ ನೋಡ್ತಾ ಹೋಗ್ಲಿ.

ತಿಕೋಟಾ ಅಕ್ಕ (ಎರಡು ವಾರದ ನಂತರ)

ಮೊದಲ ಸುತ್ತಿನ ಸೀಟು ಬಂತು. ಬಾಗಲಕೋಟೆ ಸಿಗಲಿಲ್ಲ, ಅರಭಾವಿ ಸಿಕ್ಕಿದೆ. ಚಾಯ್ಸ್ 2 ಮಾಡೋಣ, ಮುಂದಿನ ಸುತ್ತಿನಲ್ಲಿ ಬಾಗಲಕೋಟೆ ಬಂದರೂ ಬರಬಹುದು ಅಂತ ನಾನು ಅಂದೆ. ತಂಗಿ ಬೇಡ, ಇಲ್ಲೇ ಸೇರ್ತೀನಿ ಅಂದಳು. ಅಪ್ಪ ಅವಳ ಕಡೆಯೇ ಮಾತಾಡಿದ.

ನೀರಿನ ರಿಪೋರ್ಟ್ ಕೂಡ ಬಂದಿದೆ, ಉಪ್ಪಿನ ಅಂಶ ಹೆಚ್ಚೇ ಇದೆ. ಏನು ಮಾಡಬೇಕು ಅಂತ ಕೇಳಲು ಅಪ್ಪ ರಿಪೋರ್ಟ್ ಹಿಡಿದುಕೊಂಡು ಮತ್ತೊಮ್ಮೆ ಬಾಗಲಕೋಟೆಗೆ ಹೋಗುತ್ತಾನಂತೆ.

ಅರಭಾವಿ ಅಕ್ಕಾ, ಅಪ್ಪ ಕೇಳಾಕತ್ಯಾನ: ವಿಜಯಪುರದಿಂದ ಗೋಕಾಕ ಬಸ್ಸಿಗೆ ಬಂದ್ರ ಎಲ್ಲಿ ಇಳೀಬೇಕು? ಟ್ರಂಕ್ ಒಂದು, ಹಾಸಿಗಿ ಒಂದು ಇರ್ತಾವ.

ಅರಭಾವಿ ಹಳೇ ವಿದ್ಯಾರ್ಥಿನಿ (ಅದೇ ದಿನ ಸಂಜೆ)

ಹತ್ತುವಾಗಲೇ ಕಂಡಕ್ಟರಿಗೆ ಅರಭಾವಿ ತೋಟಗಾರಿಕೆ ಕಾಲೇಜು ಅಂತ ಹೇಳಿಬಿಡ್ರಿ, ಬಸ್ಸು ಆ ಕಡೆ ಹೋಗದಿದ್ರ ಎಲ್ಲಿ ಬದಲಿಸಬೇಕು ಅವರೇ ಹೇಳ್ತಾರ. ಹಾಸಿಗಿ ತರ್ರಿ, ಟ್ರಂಕಿಗೆ ಬೀಗ ಎರಡು ಇರಲಿ, ಒಂದು ಕಳೀತದ. ಕಸಿ ಚಾಕು ಮೊದಲೇ ಕೊಳ್ಳಬ್ಯಾಡ್ರಿ, ಯಾವುದು ಬೇಕು ಅಂತ ಅಲ್ಲೇ ಹೇಳ್ತಾರ. ಬರೂ ದಿನ ತಿಳಿಸ್ರಿ, ನನ್ನ ಜೂನಿಯರ್ ಒಬ್ಬಾಕಿ ಗೇಟಿನ ತನ ಬರ್ತಾಳ.